ಹುಡುಗಗ ಯಾವ ಕೋರ್ಸ್ ಹಚ್ಚೂಣು? ಮೊದಲು ಅರ್ಕಾವತ್ತು ಕೇಳಿ ನೋಡಿ

"ಅಣ್ಣಾರ, ನಮ್ಮ ಹುಡುಗಗ ಯಾವ ಕಂಪ್ಯೂಟರ್ ಕೋರ್ಸ್ ಹಚ್ಚೂಣು?"

ಚಿಕ್ಕೋಡಿ ಬಸ್ ನಿಲ್ದಾಣದಲ್ಲಿ, ಕಾಗವಾಡದ ಚಹಾ ಅಂಗಡಿಯಲ್ಲಿ ಈ ಪ್ರಶ್ನೆ ನಮ್ಮ ಬೆನ್ನು ಬಿಟ್ಟಿಲ್ಲ. ಸುದ್ದಿ ಬರೆಯುವವರ ಹೆಗಲಿಗೆ ಲ್ಯಾಪ್‌ಟಾಪ್ ಚೀಲ ಇರುತ್ತದೆ, ಹಾಗಾಗಿ ಇವರಿಗೆ ಎಲ್ಲಾ ಗೊತ್ತು ಎಂದು ಜನ ತಿಳಿಯುತ್ತಾರೆ. ನಾವು ಓದಿದ್ದು ಪತ್ರಿಕೋದ್ಯಮ. ಆದರೆ ವರ್ಷಗಟ್ಟಲೆ ಕನ್ನಡ ಸಾಫ್ಟ್‌ವೇರ್ ಜತೆ ಗುದ್ದಾಡಿ ಒಂದಿಷ್ಟು ಕಲಿತಿದ್ದೇವೆ. ಅದನ್ನೇ ಹೇಳುತ್ತೇವೆ.

ಒಮ್ಮೆ ರಾಯಬಾಗ ಕಡೆಯ ರೈತರೊಬ್ಬರು ಫೋನ್ ಹಿಡಿದುಕೊಂಡು ಬಂದರು. ಪರಿಹಾರದ ಪಟ್ಟಿಯ ಪಿಡಿಎಫ್ ವಾಟ್ಸಾಪ್‌ಗೆ ಬಂದಿತ್ತು. ತಮ್ಮ ಹೆಸರು ಟೈಪ್ ಮಾಡಿ ಹುಡುಕಿದರೆ ಸಿಗುತ್ತಿರಲಿಲ್ಲ. "ನನ್ನ ಹೆಸರ ತೆಗದಾರ ನೋಡ್ರಿ" ಎಂದರು. ಮುಖ ಸಣ್ಣದಾಗಿತ್ತು. ಒಂದೊಂದೇ ಪುಟ ಸರಿಸಿ ಕಣ್ಣಿನಿಂದಲೇ ಹುಡುಕಿದೆವು. ಹನ್ನೊಂದನೇ ಪುಟದಲ್ಲಿ ಅವರ ಹೆಸರು ಇತ್ತು.

ಹಾಗಾದರೆ ಫೋನಿಗೆ ಯಾಕೆ ಕಾಣಲಿಲ್ಲ? ಪಟ್ಟಿಯನ್ನು ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿದ್ದರು. ಅದರಲ್ಲಿ ನಮ್ಮ ಕಣ್ಣಿಗೆ 'ಕನ್ನಡ' ಎಂದು ಕಾಣುವುದು, ಕಂಪ್ಯೂಟರಿನ ಹೊಟ್ಟೆಯೊಳಗೆ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟು ಇರುವ ಎ, ಬ್ರಿಟನ್ನಿನ ಪೌಂಡ್ ಚಿಹ್ನೆ, ಹೀಗೆ ಕೂತಿರುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಕನ್ನಡದ ಅಂಗಿ ತೊಡಿಸಿದಂತೆ. ಫೋನು ಹುಡುಕುವುದು ಯೂನಿಕೋಡ್ ಕನ್ನಡವನ್ನು. ಎರಡೂ ಒಂದಕ್ಕೊಂದು ಕೂಡುವುದಿಲ್ಲ.

ಇದರಲ್ಲಿ ನುಡಿಯನ್ನು ಬೈಯುವಂಥದ್ದು ಏನಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂತು. ಕಿನ್ನಿಕಂಬಳದ ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯಲ್ಲಿ 'ಕೆ' ಒತ್ತಿದರೆ ಕ, ಶಿಫ್ಟ್ ಹಿಡಿದು ಒತ್ತಿದರೆ ಖ. ಇಂಗ್ಲಿಷಿನ 26 ಕೀಲಿಗಳಲ್ಲೇ ಇಡೀ ಕನ್ನಡ ಕೂತಿತು. ಇವರೆಲ್ಲ ಇಲ್ಲದಿದ್ದರೆ ನಮ್ಮಂಥ ಸ್ಟ್ರಿಂಗರ್‌ಗಳು ಎಷ್ಟೋ ವರ್ಷ ಕೈಬರಹದಲ್ಲೇ ಸುದ್ದಿ ಕಳಿಸಬೇಕಿತ್ತು. ಯೂನಿಕೋಡ್‌ನಲ್ಲಿ ಕನ್ನಡ 1991ರಲ್ಲೇ ಸೇರಿದೆ, ಹೊಸ ನುಡಿಯಲ್ಲೂ ಯೂನಿಕೋಡ್ ಇದೆ. ಹಳೆಯ ರೂಢಿ ಬಿಡದೇ ಇರುವವರು ನಾವು.

ಈಗ ಕೋರ್ಸಿನ ಮಾತಿಗೆ ಬರೋಣ.

ಹಳೆಯ ನುಡಿಯನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳನ್ನು ಕನ್ನಡದವರೇ ಬರೆದಿದ್ದಾರೆ. ಕೆಲವುಗಳ ಕೋಡ್ ಗಿಟ್‌ಹಬ್‌ನಲ್ಲಿ ಯಾರು ಬೇಕಾದರೂ ಓದುವಂತೆ ಇದೆ. ಅದರಲ್ಲಿ ಒಂದು ತೊಡಕು ನೋಡಿ. 'ವರ್ಷ' ಎನ್ನುವಾಗ ಬಾಯಲ್ಲಿ ಮೊದಲು ಬರುವುದು ರ್, ಆಮೇಲೆ ಷ. ಬರೆಯುವಾಗ ಮಾತ್ರ ಷ ಮೊದಲು, ಅರ್ಕಾವತ್ತು ಆಮೇಲೆ. ಹಳೆಯ ಫಾಂಟು ಕಣ್ಣಿಗೆ ಕಾಣುವ ಕ್ರಮದಲ್ಲಿ ಇಡುತ್ತದೆ, ಯೂನಿಕೋಡ್ ಉಚ್ಚರಿಸುವ ಕ್ರಮದಲ್ಲಿ ಇಡುತ್ತದೆ. ಪರಿವರ್ತಕ ಬರೆಯುವವನು ಅರ್ಕಾವತ್ತನ್ನು ಹಿಡಿದು ಮುಂದಕ್ಕೆ ತಂದು ಕೂರಿಸಬೇಕು.

ಇದನ್ನು ಯಾವ ದುಬಾರಿ ಕೋರ್ಸೂ ಕಲಿಸುವುದಿಲ್ಲ. ಕಲಿಸಿದ್ದು ನಮ್ಮೂರ ಕನ್ನಡ ಶಾಲೆಯ ಮಾಸ್ತರರು. ನಿಪ್ಪಾಣಿಯ ಹುಡುಗನಿಗಂತೂ ಮರಾಠಿಯ ರಫಾರವೂ ಗೊತ್ತು. ಮರಾಠಿಯ ಹಳೆಯ ಫಾಂಟುಗಳದ್ದೂ ಇದೇ ಗೋಳು. ಎರಡು ಭಾಷೆ ಬಲ್ಲ ಆ ಹುಡುಗ "ನಾನು ಕನ್ನಡ ಮೀಡಿಯಂ, ನನಗ ಇದು ಆಗೂದಿಲ್ಲ" ಎಂದು ತಲೆ ತಗ್ಗಿಸಿದರೆ ನಮಗೆ ಹೊಟ್ಟೆ ಉರಿಯುತ್ತದೆ. ಅವನಲ್ಲಿ ಇರುವುದು ಕೊರತೆ ಅಲ್ಲ, ಬಂಡವಾಳ.

ಆದ್ದರಿಂದ ಕೇಳಿದವರಿಗೆ ನಾವು ಹೇಳುವುದು ಇಷ್ಟು.

ಎಮ್ಮೆ ಮಾರಿ ಫೀ ಕಟ್ಟಬೇಡಿ. ಎಮ್ಮೆ ಮಾರಿದ ಮನೆಯನ್ನು ನಾವು ಕಂಡಿದ್ದೇವೆ. ಶಹರದ ಕೋರ್ಸಿನಿಂದ ಮಗ ಸರ್ಟಿಫಿಕೇಟ್ ತಂದ, ಕೆಲಸ ಬರಲಿಲ್ಲ. "ನೌಕರಿ ಗ್ಯಾರಂಟಿ" ಎಂದವರಿಗೆ "ನಿಮ್ಮ ಹುಡುಗರು ಏನು ಮಾಡಿದ್ದಾರೆ, ತೋರಿಸಿ" ಎಂದು ಕೇಳಿ. ತೋರಿಸದಿದ್ದರೆ ಎದ್ದು ಬನ್ನಿ.

ಒಂದೇ ಭಾಷೆ ಹಿಡಿಯಿರಿ. ಪೈಥಾನ್ ಪುಕ್ಕಟೆ ಸಿಗುತ್ತದೆ, ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಸಾಕು. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್‌ನಲ್ಲಿ ಕನ್ನಡದ ಪಾಠಗಳೂ ಇವೆ. ತಿಂಗಳಿಗೊಂದು ಹೊಸ ಭಾಷೆ ಬದಲಿಸುವವನು ಮನೆ ಕಟ್ಟದೆ ಪಾಯ ತೋಡುತ್ತಲೇ ಇರುತ್ತಾನೆ.

ಮನೆಯ ಕೆಲಸಕ್ಕೇ ಪ್ರೋಗ್ರಾಂ ಬರೆಯಿರಿ. ಕಬ್ಬಿನ ತೂಕ, ಟನ್ನಿನ ದರ, ಕಡಿತ ಹಾಕಿದರೆ ಕೈಗೆ ಎಷ್ಟು ಬರುತ್ತದೆ? ಅಪ್ಪನ ಬಿಲ್ಲಿಗೆ ತಾಳೆಯಾಗುವವರೆಗೆ ತಿದ್ದಿ. ಅಥಣಿಯಲ್ಲಿ ಚಪ್ಪಲಿ ಮಾಡುವ ಮನೆಯಾದರೆ ಆರ್ಡರ್ ಪಟ್ಟಿ ಮಾಡಿ. ಸಂದರ್ಶನದಲ್ಲಿ ಸರ್ಟಿಫಿಕೇಟಿಗಿಂತ ಇದು ಹೆಚ್ಚು ಮಾತಾಡುತ್ತದೆ.

ಮಾಡಿದ್ದನ್ನು ಕಾಪಾಡಿ. ಒಮ್ಮೆ ನಮ್ಮ ಲ್ಯಾಪ್‌ಟಾಪ್ ಕೆಟ್ಟು ವರ್ಷದ ಸುದ್ದಿಯೆಲ್ಲ ಹೋಯಿತು. ಬರೆದ ಕೋಡಿನ ಒಂದೊಂದು ಬದಲಾವಣೆಯನ್ನೂ ನೆನಪಿಡುವ ಗಿಟ್ ಎಂಬ ಸಾಧನವನ್ನು ಮೊದಲ ತಿಂಗಳೇ ಕಲಿಯಿರಿ. 2005ರಲ್ಲಿ ಬಂದದ್ದು, ಇವತ್ತಿಗೂ ನಿಂತಿದೆ.

ಎಐ ಬಳಸಿ, ಆದರೆ ಅದು ಬರೆದುಕೊಟ್ಟ ಪ್ರತಿ ಸಾಲಿನ ಅರ್ಥ ನಿಮ್ಮ ತಂಗಿಗೆ ಹೇಳಲು ಬರಬೇಕು. ಬಾರದಿದ್ದರೆ ಆ ಕೋಡ್ ನಿಮ್ಮದಲ್ಲ. 'ವರ್ಷ', 'ಸೂರ್ಯ', 'ಕರ್ನಾಟಕ' ಕೊಟ್ಟು ಪರೀಕ್ಷಿಸಿ.

ಇದೆಲ್ಲ ಮಾಡಿದರೂ ಎಲ್ಲರಿಗೂ ಬೆಂಗಳೂರು, ಪುಣೆಯಲ್ಲಿ ನೌಕರಿ ಸಿಗುತ್ತದೆ ಎಂದು ನಾವು ಹೇಳಲಾರೆವು. ಆದರೆ ನಮ್ಮ ಐದು ತಾಲ್ಲೂಕುಗಳಲ್ಲಿ ಪಂಚಾಯ್ತಿ, ಸೊಸೈಟಿ, ಅಂಗಡಿಗಳಲ್ಲಿ ಹಳೆಯ ಫಾಂಟಿನಲ್ಲಿ ಬಿದ್ದಿರುವ ಕಡತ ಬೇಕಾದಷ್ಟಿವೆ. ಅವನ್ನು ಹುಡುಕಿದರೆ ಸಿಗುವಂತೆ ಮಾಡುವ ಹುಡುಗ, ಹುಡುಗಿಯರು ನಮ್ಮಲ್ಲೇ ಬೇಕು.

ಆ ರೈತರು ಹೋಗುವಾಗ ಕೇಳಿದರು: "ಹೆಸರ ಇದ್ದೂ ಸಿಗಂಗಿಲ್ಲ ಅಂದ್ರ ಹೆಂಗ್ರಿ?" ಕೋರ್ಸ್ ಕೇಳುವ ತಮ್ಮಂದಿರೇ, ತಂಗಿಯರೇ, ನಿಮ್ಮ ಮೊದಲ ಪ್ರೋಗ್ರಾಂ ಈ ಪ್ರಶ್ನೆಗೆ ಉತ್ತರವಾಗಲಿ.