ತುಕ್ಕಿನ ಮೇಲೆ ಬಣ್ಣ ಬಳಿದರೆ ಸೈಕಲ್ ಹೊಸದಾಗುತ್ತದೆಯೇ?

ಸಾಸಲು: ಹೋಬಳಿಯ ಹಳ್ಳಿಗಳಲ್ಲಿ ಕೊಟ್ಟಿಗೆ ಪಕ್ಕಕ್ಕೋ, ಸೌದೆ ಒಟ್ಟಿದ ಸಂದಿಗೋ ಕಣ್ಣು ಹಾಯಿಸಿದರೆ ಒಂದು ಸೈಕಲ್ ಸಿಕ್ಕೇ ಸಿಗುತ್ತದೆ. ಟಯರ್ ಸತ್ತಿರುತ್ತದೆ, ಸೀಟು ಹರಿದಿರುತ್ತದೆ, ಮಡ್‌ಗಾರ್ಡ್ ಇದ್ದ ಜಾಗ ಖಾಲಿ. ಕೋಳಿಗಳಿಗೆ ಅದರ ಹ್ಯಾಂಡಲ್ಲೇ ರಾತ್ರಿಯ ಅಟ್ಟ. ವಿಚಾರಿಸಿದರೆ, 'ಸರ್ಕಾರದ್ದು ಸ್ವಾಮಿ, ದೊಡ್ಡ ಮಗಳಿಗೆ ಸ್ಕೂಲಲ್ಲಿ ಕೊಟ್ಟಿದ್ದು' ಎಂಬ ಉತ್ತರ.

ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ರಾಜ್ಯದಲ್ಲಿ ಶುರುವಾದದ್ದು 2006-07ರಲ್ಲಿ. ಸಾಲು ಹಿಡಿದು ಸೈಕಲ್ ಹಂಚಿದ್ದು, ಶಾಸಕರು ಹ್ಯಾಂಡಲ್ ಹಿಡಿದು ಫೋಟೊ ತೆಗೆಸಿಕೊಂಡಿದ್ದು ಎಲ್ಲರಿಗೂ ನೆನಪಿದೆ. ಗುಣಮಟ್ಟದ ಬಗ್ಗೆ ಕೂಗು ಎದ್ದದ್ದೂ ನೆನಪಿದೆ. 2020ರಲ್ಲಿ ಕೊರೋನ ಬಂತು, ಶಾಲೆ ಮುಚ್ಚಿತು, ಸೈಕಲ್ ನಿಂತಿತು. ಶಾಲೆ ತೆರೆಯಿತು, ಸೈಕಲ್ ಬರಲಿಲ್ಲ. ಕೊನೆಯ ಕಂತಿನಲ್ಲಿ ಸೈಕಲ್ ಪಡೆದ ಮಕ್ಕಳು ಹೈಸ್ಕೂಲು ದಾಟಿ ಎಷ್ಟೋ ಕಾಲವಾಯಿತು. ಅವರ ತಮ್ಮ ತಂಗಿಯರು ಈಗ ನಡೆಯುತ್ತಿದ್ದಾರೆ.

ಬಸ್ಸಿದೆಯಲ್ಲ ಎನ್ನುವವರಿದ್ದಾರೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಇಲ್ಲ, ನಿಜ. ಟಿಕೆಟ್ ಇಲ್ಲದಿದ್ದರೇನು, ಬಸ್ಸು ಇರಬೇಕಲ್ಲ? ಆರೂಢಿ, ಗುಂಡಮಗೆರೆ ಕಡೆಯ ಒಳದಾರಿಗಳಲ್ಲಿ ಬೆಲ್ಲು ಹೊಡೆಯುವ ಹೊತ್ತಿಗೆ ಸರಿಯಾಗಿ ಬರುವ ವಾಹನ ಒಂದೇ, ಅದು ಸೈಕಲ್. ಗಂಡುಹುಡುಗರಿಗಂತೂ ಆ ಫ್ರೀ ಟಿಕೆಟ್ಟೂ ಇಲ್ಲ.

ವಿಷಯ ಇಷ್ಟೆ. ಸಂದಿಯಲ್ಲಿ ಬಿದ್ದ ಆ ಸೈಕಲ್‌ಗಳಲ್ಲಿ ಸತ್ತಿರುವುದು ಟಯರ್, ಟ್ಯೂಬು, ಬ್ರೇಕು, ಚೈನು. ಇವೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. ಫ್ರೇಮು ಸತ್ತಿಲ್ಲ. ಅದು ಉಕ್ಕಿನ ಕೊಳವೆ. ಮೇಲಿನ ಬಣ್ಣ ಏಳುತ್ತಿದೆ, ಅಲ್ಲಲ್ಲಿ ತುಕ್ಕು ಹಿಡಿದಿದೆ. ಹಾಗೇ ಇನ್ನೆರಡು ಮಳೆಗಾಲ ಬಿಟ್ಟರೆ ಅದೂ ಸಾಯುತ್ತದೆ. ಆಮೇಲೆ ಗುಜರಿಯವನು ಬರುತ್ತಾನೆ, ಕೊಕ್ಕೆ ತಕ್ಕಡಿಗೆ ನೇತುಹಾಕುತ್ತಾನೆ, ಕಿಲೋ ಲೆಕ್ಕದಲ್ಲಿ ಒಂದಿಷ್ಟು ಚಿಲ್ಲರೆ ಕೊಟ್ಟು ಒಯ್ಯುತ್ತಾನೆ. ಸರ್ಕಾರದ ದುಡ್ಡು, ಅಂದರೆ ಜನರದೇ ದುಡ್ಡು, ಗುಜರಿ ಲಾರಿ ಹತ್ತುತ್ತದೆ.

ಬಣ್ಣ ಹೊಡೆಸುವವರು ಇಲ್ಲವೆಂದಲ್ಲ. ಹೊಡೆಸುವ ರೀತಿ ನೋಡಬೇಕು. 'ಅಣ್ಣಾ, ಸುಮ್ನೆ ಎರಡು ಕೋಟ್ ಎಳೆದುಬಿಡು, ನಾಳೆ ಬೆಳಗ್ಗೆ ಬೇಕು' ಎಂದು ಗಿರಾಕಿ ಹೇಳುತ್ತಾನೆ. ಅಂಗಡಿಯವನು ಚಕ್ರ ಬಿಚ್ಚುವುದಿಲ್ಲ, ಚೈನ್ ಕವರಿಗೆ ಪೇಪರ್ ಸುತ್ತುತ್ತಾನೆ, ಉಪ್ಪುಕಾಗದದಲ್ಲಿ ನಾಲ್ಕು ಸಲ ಉಜ್ಜಿ ಎನಾಮಲ್ ಹೊಡೆಯುತ್ತಾನೆ. ಬೆಳಗ್ಗೆ ಫಳಫಳ. ದೀಪಾವಳಿಗೆ ಹೊಡೆಸಿದ ಬಣ್ಣ ಯುಗಾದಿ ಹೊತ್ತಿಗೆ ಹಪ್ಪಳದ ಹಾಗೆ ಏಳುತ್ತದೆ. ಅಂಗಡಿಯವನನ್ನು ಬೈದು ಪ್ರಯೋಜನವಿಲ್ಲ. ಕೊಟ್ಟ ಕಾಸಿಗೆ ತಕ್ಕ ಕೆಲಸ ಆತ ಮಾಡಿದ್ದಾನೆ. ತುಕ್ಕು ಮಾತ್ರ ಬಣ್ಣದ ಕೆಳಗೆ ನೆಮ್ಮದಿಯಾಗಿ ತನ್ನ ಕೆಲಸ ಮಾಡಿಕೊಂಡಿರುತ್ತದೆ.

ದೊಡ್ಡಬಳ್ಳಾಪುರ ತಾಲ್ಲೂಕಿನವರಿಗೆ ಇದನ್ನು ಹೇಳಿಕೊಡಬೇಕಾದ್ದು ಇರಲಿಲ್ಲ. ಇದು ಮಗ್ಗದ ಊರು. ಹಸಿ ರೇಷ್ಮೆಯನ್ನು ಸೋಪಿನ ನೀರಲ್ಲಿ ಕುದಿಸಿ ಅದರ ಅಂಟು ತೆಗೆಯದೆ ಯಾರಾದರೂ ಬಣ್ಣದ ಹಂಡೆಗೆ ಅದ್ದುತ್ತಾರೆಯೇ? ಅದ್ದಿದರೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ನೂಲಿಗೆ ಇರುವ ನ್ಯಾಯವೇ ಕಬ್ಬಿಣಕ್ಕೂ.

ಸರಿಯಾದ ಕೆಲಸ ಹೀಗೆ. ಮೊದಲು ಸೈಕಲ್ ಪೂರ್ತಿ ಬಿಚ್ಚಬೇಕು. ಹ್ಯಾಂಡಲ್, ಫೋರ್ಕು, ಪೆಡಲ್ ಅಚ್ಚು, ಕಪ್ಪು, ಕೋನು, ಬಾಲ್ಸು ಎಲ್ಲ ಹೊರಗೆ. ಬರೀ ಫ್ರೇಮು ಉಳಿಯಬೇಕು. ಹಳೆಯ ಬಣ್ಣವನ್ನು ತುಕ್ಕಿನ ಸಮೇತ ಬೆಳ್ಳಗೆ ಉಕ್ಕು ಕಾಣುವ ತನಕ ತೆಗೆಯಬೇಕು. ಕಾರ್ಖಾನೆಗಳಲ್ಲಿ ಗಾಳಿಯ ಒತ್ತಡದಿಂದ ಉಕ್ಕಿನ ಸಣ್ಣ ಹರಳುಗಳನ್ನು ಚಿಮ್ಮಿಸಿ ಇದನ್ನು ಮಾಡುತ್ತಾರೆ. ಮರಳು ಚಿಮ್ಮಿಸುವವರೂ ಇದ್ದಾರೆ, ಆದರೆ ಆ ಧೂಳು ಕೆಲಸಗಾರನ ಶ್ವಾಸಕೋಶವನ್ನು ಕಲ್ಲು ಮಾಡುತ್ತದೆ. ಅಂಥ ಕಡೆ ಕೊಡದಿರುವುದೇ ವಾಸಿ.

ಬಣ್ಣ ಹೋದ ಮೇಲೆ ಫ್ರೇಮಿನ ನಿಜವಾದ ಜಾತಕ ಕಾಣುತ್ತದೆ. ಹ್ಯಾಂಡಲ್ ಕೂರುವ ಕೊಳವೆಯ ಹತ್ತಿರ, ಪೆಡಲ್ ಅಚ್ಚಿನ ಗೂಡಿನ ಸುತ್ತ ಕೂದಲೆಳೆಯಂಥ ಬಿರುಕು ಇದ್ದರೆ ಈಗಲೇ ಗೊತ್ತಾಗುತ್ತದೆ. ಬಿರುಕಿದ್ದರೆ ಬಣ್ಣಕ್ಕೆ ದುಡ್ಡು ಹಾಕಬಾರದು. ಮೊದಲು ವೆಲ್ಡಿಂಗ್ ಬಲ್ಲವನಿಗೆ ತೋರಿಸಬೇಕು, ಆತ ತಲೆ ಆಡಿಸಿದರೆ ಗುಜರಿಗೇ ಕಳಿಸಬೇಕು. ಎರಡು ಕೋಟ್ ಎಳೆಸಿಕೊಂಡವನಿಗೆ ಈ ಬಿರುಕು ಕಾಣುವುದು ಇಳಿಜಾರಿನಲ್ಲಿ ಫೋರ್ಕ್ ಕಳಚಿದಾಗ.

ಆಮೇಲೆ ಜಿಡ್ಡು ತೊಳೆದು, ಫಾಸ್ಫೇಟ್ ದ್ರಾವಣದಲ್ಲಿ ಅದ್ದುತ್ತಾರೆ. ಉಕ್ಕಿನ ಮೇಲೆ ಬೂದು ಬಣ್ಣದ ತೆಳು ಪದರ ಕೂರುತ್ತದೆ. ಬಣ್ಣ ಕಚ್ಚಿಕೊಳ್ಳುವುದು ಇದನ್ನೇ. ಮುಂದೆ ಎರಡು ದಾರಿ. ಪ್ರೈಮರ್ ಹೊಡೆದು, ಒಣಗಿಸಿ, ಗನ್ನಿನಲ್ಲಿ ಡ್ಯೂಕೋ ಹೊಡೆಯುವುದು ಒಂದು. ಪೌಡರ್ ಕೋಟಿಂಗ್ ಇನ್ನೊಂದು. ಇದರಲ್ಲಿ ಥಿನ್ನರ್ ಇಲ್ಲ, ವಾಸನೆ ಇಲ್ಲ. ಬಣ್ಣದ ಪುಡಿಗೆ ವಿದ್ಯುತ್ ಕೊಟ್ಟು ಚಿಮ್ಮಿಸಿದರೆ ಅದು ತಾನಾಗಿ ಕಬ್ಬಿಣಕ್ಕೆ ಅಂಟುತ್ತದೆ. ನಂತರ 180ರಿಂದ 200 ಡಿಗ್ರಿ ಶಾಖದ ಒಲೆಯಲ್ಲಿ ಹತ್ತಿಪ್ಪತ್ತು ನಿಮಿಷ ಬೇಯಿಸುತ್ತಾರೆ, ಪುಡಿ ಕರಗಿ ಗಟ್ಟಿ ಕವಚವಾಗುತ್ತದೆ. ಕೊಳವೆಗಳ ಹಿತ್ತಾಳೆ ಬೆಸುಗೆಗೆ ಈ ಶಾಖ ಏನೂ ಮಾಡುವುದಿಲ್ಲ. ಆದರೆ ಗೂಡಿನ ಒಳಗಿನ ಮರೆಗಳನ್ನೂ, ಕಪ್ಪು ಕೂರುವ ಜಾಗವನ್ನೂ ಮುಚ್ಚಿ ಕೊಡಬೇಕು. ಇಲ್ಲದಿದ್ದರೆ ಬಣ್ಣ ತುಂಬಿಕೊಂಡು ಮತ್ತೆ ಜೋಡಿಸುವಾಗ ಸೈಕಲ್ ಶಾಪಿನವನು ಹಿಡಿಶಾಪ ಹಾಕುತ್ತಾನೆ.

ಹಾಗಾದರೆ ಎಲ್ಲರೂ ಇದನ್ನೇ ಯಾಕೆ ಮಾಡಿಸುವುದಿಲ್ಲ? ಒಂಟಿ ಫ್ರೇಮು ಹಿಡಿದುಕೊಂಡು ಹೋದವನನ್ನು ಪೌಡರ್ ಕೋಟಿಂಗ್‌ನವರು ಮುಖ ಎತ್ತಿ ನೋಡುವುದಿಲ್ಲ. ಅದಕ್ಕೂ ಕಾರಣವಿದೆ. ಒಂದು ಫ್ರೇಮಿಗೂ ಒಲೆ ಕಾಯಿಸಬೇಕು, ಇಪ್ಪತ್ತಕ್ಕೂ ಅದೇ ಒಲೆ. ಬಣ್ಣ ಬದಲಾದರೆ ಗನ್ನು, ಗೂಡು ಎಲ್ಲ ತೊಳೆದು ಹೊಸ ಪುಡಿ ತುಂಬಬೇಕು. ಒಬ್ಬ ಕೆಂಪು, ಒಬ್ಬ ಗಿಳಿಹಸಿರು ಕೇಳಿದರೆ ಅವರ ಅರ್ಧ ದಿನ ಹೋಯಿತು. ಅದೇ ಇಪ್ಪತ್ತೋ ಮೂವತ್ತೋ ಫ್ರೇಮು ಒಂದೇ ಸಲ, ಒಂದೇ ಕಪ್ಪು ಬಣ್ಣಕ್ಕೆ ಹೋದರೆ ಲೆಕ್ಕವೇ ಬೇರೆ. ತಲಾ ಖರ್ಚು ದಬಕ್ಕನೆ ಇಳಿಯುತ್ತದೆ.

ಇದು ಒಬ್ಬ ಅಪ್ಪ ಮಾಡುವ ಕೆಲಸವಲ್ಲ. ಶಾಲಾಭಿವೃದ್ಧಿ ಸಮಿತಿ ಮಾಡಬಹುದು, ಗ್ರಾಮ ಪಂಚಾಯ್ತಿ ಮಾಡಬಹುದು. ಹಳೆ ಸೈಕಲ್ ಇದ್ದವರು ತಂದು ಶಾಲೆ ಅಂಗಳದಲ್ಲಿ ಇಡಿ ಎಂದು ಟಾಂಟಾಂ ಹೊಡೆಸಿದರೆ ಒಂದು ವಾರದಲ್ಲಿ ಒಂದು ಟೆಂಪೋ ತುಂಬುತ್ತದೆ. ಟೆಂಪೋ ಪೀಣ್ಯಕ್ಕೆ ಹೋದರೆ ಈ ಕೆಲಸ ಮಾಡುವ ಸಣ್ಣ ಕಾರ್ಖಾನೆಗಳು ಬೇಕಾದಷ್ಟಿವೆ. ಅಷ್ಟು ದೂರ ಹೋಗುವ ಮೊದಲು ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶದಲ್ಲೂ ಒಂದು ಮಾತು ಕೇಳಬಹುದು.

ಕೈಗಾರಿಕೆ ಎಂದಾಗ ಇನ್ನೊಂದು ಮಾತು. 2014ರ ಏಪ್ರಿಲ್‌ನಿಂದ ದೊಡ್ಡ ಲಾಭದ ಕಂಪನಿಗಳು ಲಾಭದಲ್ಲಿ ಶೇಕಡಾ 2ರಷ್ಟನ್ನು ಸಮಾಜದ ಕೆಲಸಕ್ಕೆ ಖರ್ಚು ಮಾಡಬೇಕೆಂಬ ಕಾನೂನಿದೆ. ಆ ದುಡ್ಡಿನಲ್ಲಿ ಶಾಲೆಯ ಕಾಂಪೌಂಡಿಗೆ ಬಣ್ಣ ಬಳಿದು, ಬಣ್ಣಕ್ಕಿಂತ ದೊಡ್ಡದಾಗಿ ತಮ್ಮ ಹೆಸರು ಬರೆಸುವವರಿಗೆ ಕೊರತೆಯಿಲ್ಲ. ಕಾಂಪೌಂಡ್ ಮಕ್ಕಳನ್ನು ಶಾಲೆಗೆ ಕರೆತರುವುದಿಲ್ಲ. ಸೈಕಲ್ ಕರೆತರುತ್ತದೆ. ಬೇಕಾದರೆ ಚೈನ್ ಕವರ್ ಮೇಲೆ ಹೆಸರು ಬರೆಸಿಕೊಳ್ಳಲಿ, ಯಾರೂ ಬೇಡ ಅನ್ನುವುದಿಲ್ಲ.

ಕಪ್ಪೇ ಇರಲಿ ಎನ್ನುವುದಕ್ಕೆ ಖರ್ಚಲ್ಲದೆ ಬೇರೆ ಕಾರಣವೂ ಇದೆ. ಹಳದಿ, ಕೇಸರಿ, ಕೆಂಪು ಬಣ್ಣಗಳಿಗೆ ಹೊಳಪು ಕೊಡಲು ಸೀಸದ ಸಂಯುಕ್ತ ಬೆರೆಸುವ ರೂಢಿ ಹಳೆಯದು. ಸೀಸ ಮಕ್ಕಳ ಮಿದುಳಿಗೆ ವಿಷ. ಮನೆಗೆ ಬಳಿಯುವ ಬಣ್ಣದಲ್ಲಿ ಹತ್ತು ಲಕ್ಷಕ್ಕೆ 90 ಭಾಗಕ್ಕಿಂತ ಹೆಚ್ಚು ಸೀಸ ಇರಬಾರದೆಂದು ಕೇಂದ್ರ ಸರ್ಕಾರ 2016ರಲ್ಲಿ ನಿಯಮ ಮಾಡಿತು, 2017ರ ನವೆಂಬರ್‌ನಿಂದ ಅದು ಜಾರಿಯಲ್ಲಿದೆ. ಆ ನಿಯಮ ಹೇಳುವುದು ಮನೆ ಬಣ್ಣದ ಮಾತು, ಕಾರ್ಖಾನೆ ಬಣ್ಣದ್ದಲ್ಲ. ಹುಡುಗರು ಇಡೀ ದಿನ ಮುಟ್ಟುವ ಸೈಕಲ್ಲಿಗೆ ಯಾವ ಡಬ್ಬಿಯಿಂದ ಬಣ್ಣ ಬಂತು ಎಂದು ಯಾರು ಕೇಳುತ್ತಾರೆ? ಹಳೆ ಬಣ್ಣವನ್ನು ಮನೆ ಜಗಲಿಯಲ್ಲಿ ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ಉಜ್ಜುವ ಅಪ್ಪಂದಿರೂ ಇದನ್ನು ಗಮನಿಸಬೇಕು. ಉಜ್ಜಲೇಬೇಕಾದರೆ ನೀರು ಹಾಕಿ ಉಜ್ಜಲಿ, ಧೂಳು ಏಳುವುದಿಲ್ಲ.

ಶಾಲೆ ಸೈಕಲ್ ಅಷ್ಟೇ ಅಲ್ಲ, ಹಾಲಿನ ಕ್ಯಾನ್ ಹೊತ್ತ ತಾತನ ಕಾಲದ ಅಟ್ಲಾಸ್‌ಗೂ ಈ ಮಾತು ಸಲ್ಲುತ್ತದೆ. 1951ರಲ್ಲಿ ಸೋನಿಪತ್‌ನಲ್ಲಿ ಹುಟ್ಟಿದ ಆ ಕಂಪನಿ ಸಾಹಿಬಾಬಾದ್ ಕಾರ್ಖಾನೆಯ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ! ಅಂಥ ಫ್ರೇಮು ಮನೆಯಲ್ಲಿದ್ದವರು ಗುಜರಿಯವನ ಕೂಗಿಗೆ ಓಡಿ ಹೊರಬರಬಾರದು.

ಸಮಿತಿಯವರು ಹೊರಡುವುದೇ ಆದರೆ ಎರಡು ಜಾಗ್ರತೆ. ಪ್ರತಿ ಫ್ರೇಮಿಗೂ ಕೊರೆದ ನಂಬರ್ ಇರುತ್ತದೆ. ಅದನ್ನು ಮಾಲೀಕನ ಹೆಸರಿನ ಎದುರು ಬರೆದುಕೊಂಡು ಆಮೇಲೆ ಟೆಂಪೋ ಹತ್ತಿಸಬೇಕು. ಎಲ್ಲ ಕಪ್ಪಾಗಿ ವಾಪಸ್ ಬಂದಾಗ ಯಾರದು ಯಾವುದು ಎಂದು ಪಂಚಾಯ್ತಿ ಕೂರುವುದು ಬೇಡ. ಇನ್ನೊಂದು, ಬಿಚ್ಚಿ ಜೋಡಿಸುವ ಸೈಕಲ್ ಶಾಪಿನವನ ಕೂಲಿ. ಒಂದೊಂದಕ್ಕೂ ಬಾಲ್ಸ್ ತೊಳೆದು, ಗ್ರೀಸ್ ಹಾಕಿ, ಚಕ್ರದ ಓರೆ ತೆಗೆಯುವುದೆಂದರೆ ಗಂಟೆಗಟ್ಟಲೆ ಕೆಲಸ. 'ಶಾಲೆ ಮಕ್ಕಳದು, ಸೇವೆ ಅಂತ ಮಾಡಿಕೊಡಪ್ಪಾ' ಎಂದು ಆತನ ಹೆಗಲು ತಟ್ಟಿ ಬರಬೇಡಿ. ಆತನ ಮನೆಯಲ್ಲೂ ಶಾಲೆಗೆ ಹೋಗುವ ಮಕ್ಕಳಿರುತ್ತಾರೆ.