ಮುಖದ ಮಾತು ಸಾಕು, ಎಣ್ಣೆಯ ಲೆಕ್ಕ ಕೊಡಿ

2025ರಲ್ಲಿ ಮೈಸೂರು ಸ್ಯಾಂಡಲ್ ಸೋಪಿನ ರಾಯಭಾರಿಯಾದ ನಟಿ ತಮನ್ನಾ ಭಾಟಿಯಾ ನಮ್ಮವರೋ ಹೊರಗಿನವರೋ, ಎರಡು ವರ್ಷಕ್ಕೆ ಅವರಿಗೆ 6.2 ಕೋಟಿ ರೂಪಾಯಿ ಹೆಚ್ಚೋ ಕಡಿಮೆಯೋ ಎಂಬ ಜಗಳದಲ್ಲೇ ಒಂದು ವಾರ ಕಳೆಯಿತು. ವಿರೋಧಿಸಿದವರು ಕನ್ನಡದ ನಟಿಯರಿಗೆ ಬರವೇ ಎಂದರು. ಹೊರರಾಜ್ಯಗಳ ಮಾರುಕಟ್ಟೆ ಬೇಕು, 2028ರ ಹೊತ್ತಿಗೆ ಸೋಪು ತಯಾರಿಸುವ ಸರ್ಕಾರಿ ಸಂಸ್ಥೆಯ ವಹಿವಾಟು 5,000 ಕೋಟಿ ಮುಟ್ಟಬೇಕು ಎಂದು ಸಚಿವ ಎಂ.ಬಿ. ಪಾಟೀಲರು ಸಮರ್ಥಿಸಿಕೊಂಡರು. ಮೈಸೂರು ಸ್ಯಾಂಡಲ್ ಸೋಪಿನ ಹೆಸರಲ್ಲಿ ಇಷ್ಟೆಲ್ಲ ಮಾತಾಯಿತು. ಆ ಸೋಪಿನೊಳಗೆ ಏನಿದೆ, ಅದು ಕೆಡದಂತೆ ಕಾಯುವವರು ಯಾರು ಎಂಬುದನ್ನು ಎರಡೂ ಕಡೆಯವರು ಎತ್ತಲೇ ಇಲ್ಲ. ನನಗೆ ಸಿಟ್ಟು ತರಿಸಿದ್ದು ಅದು.

ಈ ಸೋಪು ಹುಟ್ಟಿದ ಕ್ರಮವೇ ಬೇರೆ. ಮೊದಲ ಮಹಾಯುದ್ಧದಿಂದ ಗಂಧದ ಕೊರಡು ಯುರೋಪಿಗೆ ಹೋಗುವುದು ನಿಂತಾಗ ಮೈಸೂರು ಸಂಸ್ಥಾನ 1916ರಲ್ಲಿ ತಾನೇ ಎಣ್ಣೆ ತೆಗೆಯಲು ಹೊರಟಿತು. ಸೋಪು ಬಂದದ್ದು ಆಮೇಲೆ. ಅಂದರೆ ಇಲ್ಲಿ ಸೋಪಿಗೆ ಪರಿಮಳ ಹುಡುಕಿದ್ದಲ್ಲ, ಕೈಯಲ್ಲಿದ್ದ ಎಣ್ಣೆಗೆ ಸೋಪು ಹುಡುಕಿದ್ದು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸೋಪಿನ ವಿದ್ಯೆ ಕಲಿತು ಬಂದದ್ದೂ ಅದಕ್ಕೇ. 1957ರಲ್ಲಿ ಕಾರ್ಖಾನೆ ಬೆಂಗಳೂರಿನ ರಾಜಾಜಿನಗರದ ಕೈಗಾರಿಕಾ ಬಡಾವಣೆಗೆ ಬಂತು; ಇವತ್ತು ಮೆಟ್ರೊ ನಿಲ್ದಾಣಕ್ಕೂ ಅದರದೇ ಹೆಸರು. ನೂರು ವರ್ಷ ಜನ ನಂಬಿ ಕೊಂಡದ್ದು ಒಂದೇ ಒಂದು ಮಾತನ್ನು: ಇದರಲ್ಲಿರುವುದು ನಿಜವಾದ ಗಂಧದೆಣ್ಣೆ. ಆ ಮಾತು ಸುಳ್ಳಾದರೆ ಉಳಿಯುವುದು ಸಂಸ್ಥೆಯ ಲಾಂಛನವಾದ ಶರಭದ ಮುದ್ರೆ ಒತ್ತಿದ ಇನ್ನೊಂದು ಸೋಪು ಮಾತ್ರ.

ಗುಣಮಟ್ಟಕ್ಕೆ ಐಎಸ್ಐ ಮಾನಕ ಇದೆಯಲ್ಲ ಎನ್ನಬಹುದು. ಇದೆ. ಸ್ನಾನದ ಸೋಪಿನಲ್ಲಿ ಕೊಬ್ಬಿನಂಶ ಶೇ 76ಕ್ಕಿಂತ ಕಡಿಮೆಯಿಲ್ಲದಿದ್ದರೆ ಅದು ಗ್ರೇಡ್ 1. ಆದರೆ ಆ ಅಂಕಿ ಅಳೆಯುವುದು ಕೊಬ್ಬನ್ನು, ಗಂಧವನ್ನಲ್ಲ. ಎಣ್ಣೆ ಶುದ್ಧವೇ ಎಂದು ತಿಳಿಯಬೇಕಾದರೆ ಪ್ರಯೋಗಾಲಯದಲ್ಲಿ ಅದರ ಮುಖ್ಯ ಘಟಕವಾದ ಸ್ಯಾಂಟಲಾಲ್ ಅಂಶ ನೋಡಬೇಕು. ಆಲ್ಫಾ ಸ್ಯಾಂಟಲಾಲ್ ಶೇ 41ರಿಂದ 55, ಬೀಟಾ ಶೇ 16ರಿಂದ 24 ಇರಬೇಕೆಂದು ಅಂತರರಾಷ್ಟ್ರೀಯ ಮಾನಕ ಹೇಳುತ್ತದೆ. ಬಚ್ಚಲುಮನೆಯಲ್ಲಿ ಯಾರೂ ಇದನ್ನು ಅಳೆಯಲಾರರು. ಭೌಗೋಳಿಕ ಸೂಚಿಕೆ ಸಿಕ್ಕಿದೆ, ನಿಜ; ಅದು ಬೇರೆಯವರು ಹೆಸರು ಕದಿಯದಂತೆ ತಡೆಯುವ ಕಾನೂನು. ಅದನ್ನೂ ಮೀರಿ 2024ರ ಜನವರಿಯಲ್ಲಿ ಹೈದರಾಬಾದಿನಲ್ಲಿ ನಕಲಿ ಮೈಸೂರು ಸ್ಯಾಂಡಲ್ ತಯಾರಿಸುತ್ತಿದ್ದ ಜಾಲ ಸಿಕ್ಕಿಬಿತ್ತು. ನಕಲಿ ಮಾಲು ಪತ್ತೆಯಾಯಿತೆಂದು ನಾವು ಸಮಾಧಾನಪಟ್ಟೆವು. ಅದರಿಂದ ಕಲಿಯಬೇಕಾದ ಪಾಠ ಬೇರೆಯಿತ್ತು. ಹೊದಿಕೆ ನೋಡಿ ನಕಲಿಯನ್ನೇ ಕೊಳ್ಳುವ ಗ್ರಾಹಕನಿಗೆ ನಾಳೆ ಅಸಲಿ ಸೋಪಿನಲ್ಲೇ ಎಣ್ಣೆ ತೆಳುವಾದರೆ ಗೊತ್ತಾಗುವುದು ಹೇಗೆ?

ಕಾರ್ಖಾನೆಯಿಂದ ಸ್ವಲ್ಪ ದೂರದ ಕಾಮಾಕ್ಷಿಪಾಳ್ಯಕ್ಕೆ ಬನ್ನಿ. ಅಲ್ಲಿ ಎರಡು ಲೇತ್ ಇಟ್ಟುಕೊಂಡು ಜಾಬ್ ವರ್ಕ್ ಮಾಡುವ ಸಣ್ಣ ಶೆಡ್ಡಿನವರಿಗೆ ಕೊಳ್ಳುವವನು ಅಳೆಯಲಾರ ಎಂಬ ಈ ಅನುಕೂಲ ಇಲ್ಲ. ಮೊದಲ ಪೀಸು ಒಪ್ಪಿಗೆಯಾಗದೆ ಕೆಲಸ ಮುಂದುವರಿಯದು. ಕೊಳ್ಳುವ ಕಂಪನಿ ವರ್ನಿಯರ್ ಹಿಡಿದು ನೋಡುತ್ತದೆ, ಅಳತೆ ತಪ್ಪಿದರೆ ಇಡೀ ಲಾಟು ವಾಪಸು, ನಷ್ಟ ಶೆಡ್ಡಿನವರದು. ಅಲ್ಲಿ ಗುಣಮಟ್ಟ ಉಳಿದಿರುವುದು ಅಳೆಯಬಲ್ಲವನು ಕೊಳ್ಳುತ್ತಿರುವುದರಿಂದ. ಅಳೆಯಲಾರದ ಕೋಟ್ಯಂತರ ಜನರಿಗೆ ಮಾರುವ ಸರ್ಕಾರಿ ಸಂಸ್ಥೆಯ ಹೊಣೆ ಅದಕ್ಕಿಂತ ದೊಡ್ಡದು. ಅದು ಅವರ ಪರವಾಗಿ ತಾನೇ ಅಳೆಯಬೇಕು, ಅಳೆದದ್ದನ್ನು ತೋರಿಸಬೇಕು.

ಜಾಹೀರಾತಿಲ್ಲದೆ ಮಾಲು ಹೋಗದು ಎಂಬ ವಾದವನ್ನು ನಾನು ತಳ್ಳಿಹಾಕುವುದಿಲ್ಲ. 2006ರಲ್ಲಿ ಧೋನಿಯೂ ಇದೇ ಸೋಪಿನ ರಾಯಭಾರಿಯಾಗಿದ್ದರು. ಆದರೆ ಮಾರಾಟ ಹಲವು ಪಟ್ಟು ಬೆಳೆಯಬೇಕೆಂದರೆ ಎಣ್ಣೆಯೂ ಅಷ್ಟೇ ಬೇಕು. ಗಂಧದ ಮರ ಸಚಿವರ ಗಡುವಿಗೆ ಬಲಿಯುವುದಿಲ್ಲ. ಕೊರಡಿನಲ್ಲಿ ಚೇಗು ಕಟ್ಟಲು ಹದಿನೈದು ವರ್ಷವಾದರೂ ಬೇಕು. ರೈತ ತನ್ನ ಹೊಲದ ಗಂಧಕ್ಕೆ ತಾನೇ ಒಡೆಯನಾದದ್ದೇ 2001ರ ಕಾನೂನು ತಿದ್ದುಪಡಿಯ ನಂತರ. ಬೇಡಿಕೆ ಏರಿ ಮರ ಸಿಗದಾಗ ಎಲ್ಲ ಒತ್ತಡವೂ ಬಂದು ಬೀಳುವುದು ಕಚ್ಚಾ ಮಾಲು ಖರೀದಿಯ ಮೇಜಿನ ಮೇಲೆ. ಆ ಮೇಜು ಎಂಥದ್ದು ಎಂಬುದನ್ನು ರಾಜ್ಯ 2023ರ ಮಾರ್ಚಿನಲ್ಲಿ ನೋಡಿದೆ. ಇದೇ ಸಂಸ್ಥೆಯ ಕಚ್ಚಾ ಮಾಲಿನ ಟೆಂಡರಿಗೆ ಸಂಬಂಧಿಸಿ ಅಧ್ಯಕ್ಷರ ಮಗ 40 ಲಕ್ಷ ಲಂಚ ಪಡೆದ ಆರೋಪದ ಮೇಲೆ ಲೋಕಾಯುಕ್ತರ ಬಲೆಗೆ ಬಿದ್ದರು, ಅಧ್ಯಕ್ಷರು ರಾಜೀನಾಮೆ ಕೊಟ್ಟರು. ಅಧ್ಯಕ್ಷರ ಮೇಲಿನ ಪ್ರಕರಣವನ್ನು ಹೈಕೋರ್ಟ್ ಮುಂದೆ ರದ್ದುಪಡಿಸಿತು. ಅದೇನೇ ಇರಲಿ, ಸೋಪು ಕೆಡುವುದಾದರೆ ಎಲ್ಲಿಂದ ಕೆಡಬಹುದು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಪ್ರತಿ ಪೆಟ್ಟಿಗೆಯ ಮೇಲೂ ಬ್ಯಾಚ್ ಸಂಖ್ಯೆ ಇರುತ್ತದೆ. ಆ ಬ್ಯಾಚಿಗೆ ಬಳಸಿದ ಎಣ್ಣೆಯನ್ನು ಹೊರಗಿನ ಪ್ರಯೋಗಾಲಯ ಪರೀಕ್ಷಿಸಲಿ, ವರದಿ ಯಾರು ಬೇಕಾದರೂ ನೋಡುವಂತಿರಲಿ. ನಟಿಯ ಸಂಭಾವನೆಯನ್ನು ಪೈಸೆ ಲೆಕ್ಕದಲ್ಲಿ ಹೇಳಬಲ್ಲ ಸರ್ಕಾರಕ್ಕೆ ಎಣ್ಣೆಯ ಲೆಕ್ಕ ಹೇಳುವುದು ಕಷ್ಟವಾದರೆ, ಪೆಟ್ಟಿಗೆಯ ಮೇಲಿನ ಮೈಸೂರು ಎಂಬ ಹೆಸರನ್ನು ಅದು ತೆಗೆದುಬಿಡಲಿ.