ಆಯಿಯ ಹೆಸರಿನಲ್ಲಿ ಏನಿದೆ?

ನಾನು ಸಾಹಿತಿಯಲ್ಲ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ಜಮಾ-ಖರ್ಚು ಬಿಟ್ಟು ಬೇರೆ ಏನಾದರೂ ಬರೆ ಅಂದರೆ ಕೈ ನಡುಗುತ್ತದೆ. ಆದರೂ ಸಂಪಾದಕ ಮಿತ್ರರು ಬಿಡದೆ ಕೇಳಿದ್ದರಿಂದ, ಕಳೆದ ವರ್ಷದಿಂದ ತಲೆಯಲ್ಲಿ ಕೊರೆಯುತ್ತಿರುವ ಒಂದು ವಿಷಯವನ್ನು ಓದುಗರ ಮುಂದೆ ಇಡುತ್ತಿದ್ದೇನೆ.

ನಮ್ಮ ಆಯಿಗೆ ಎಪ್ಪತ್ತೆರಡು ವರ್ಷ. ಮುಂಬಯಿಯಲ್ಲಿ ಆಯಿ ಅಂದರೆ ತಾಯಿ, ನಮ್ಮ ನವಲಗುಂದದ ಕಡೆ ಅಜ್ಜಿ. ಆಕೆಯ ಕಿರಿಯ ಮಗಳು, ಅಂದರೆ ನನ್ನ ಚಿಗವ್ವ, ಮೆಲ್ಬರ್ನಿನಲ್ಲಿ ಇದ್ದಾಳೆ. ಚೊಚ್ಚಲ ಬಸುರಿ. ಬಾಣಂತನಕ್ಕೆ ಅವ್ವ ಬೇಕೇ ಬೇಕು ಎಂದು ಫೋನಿನಲ್ಲಿ ಅತ್ತಳು. ಮನೆಯಲ್ಲಿ ಕಾಮರ್ಸ್ ಓದುವವಳು ನಾನೊಬ್ಬಳೇ ಆದ್ದರಿಂದ ವೀಸಾ ಅರ್ಜಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. ಹತ್ತನೆಯ ತನಕ ಕನ್ನಡ ಮಾಧ್ಯಮದಲ್ಲಿ ಓದಿದವಳು ನಾನು. ಡಿಕ್ಷನರಿ ಪಕ್ಕಕ್ಕೆ ಇಟ್ಟುಕೊಂಡು ಕುಳಿತೆ. ಕಷ್ಟವಾಗಿದ್ದು ಇಂಗ್ಲೀಷಲ್ಲ, ಪ್ರಶ್ನೆಗಳು.

ಮೊದಲು ಈ ವೀಸಾದ ಸಂಗತಿ ಸ್ವಲ್ಪ ಹೇಳುತ್ತೇನೆ. ಆಸ್ಟ್ರೇಲಿಯಾದ ವಿಸಿಟರ್ ವೀಸಾಕ್ಕೆ ಸಬ್‌ಕ್ಲಾಸ್ 600 ಎಂದು ಹೆಸರು. ಅದರಲ್ಲಿ ನಮ್ಮಂಥವರಿಗೆ ಎರಡು ದಾರಿ. ಒಂದು, ಪ್ರವಾಸಿಯಾಗಿ ತಾನೇ ಅರ್ಜಿ ಹಾಕಿಕೊಳ್ಳುವುದು. ಇನ್ನೊಂದು, ಅಲ್ಲಿ ನೆಲೆಸಿದ ಬಂಧು ಸ್ಪಾನ್ಸರ್ ಆಗಿ ಕರೆಸಿಕೊಳ್ಳುವುದು. ಸ್ಪಾನ್ಸರ್ ಆಗುವವರು ಆ ದೇಶದ ಪ್ರಜೆ ಅಥವಾ ಕಾಯಂ ನಿವಾಸಿ ಆಗಿರಬೇಕು, ಸಾಮಾನ್ಯವಾಗಿ ಎರಡು ವರ್ಷವಾದರೂ ಅಲ್ಲಿ ನೆಲೆಸಿರಬೇಕು. 1149 ನಂಬರಿನ ಫಾರಂ ತುಂಬಿ, ಬಂದವರು ನಿಯಮ ಮೀರುವುದಿಲ್ಲ, ಹೊತ್ತಿಗೆ ಸರಿಯಾಗಿ ಹಿಂದಿರುಗುತ್ತಾರೆ ಎಂದು ಜವಾಬ್ದಾರಿ ಹೊರಬೇಕು. ಸರಕಾರ ಬೇಕೆಂದರೆ ಜಾಮೀನು ಹಣವನ್ನೂ ಕೇಳಬಹುದು. ಅದು ಸಾಮಾನ್ಯವಾಗಿ ತಲೆಗೆ 5,000ದಿಂದ 15,000 ಆಸ್ಟ್ರೇಲಿಯನ್ ಡಾಲರ್. ಬಂದವರು ಮಾತು ತಪ್ಪಿದರೆ ಆ ಹಣ ಹೋಯಿತು. ಸ್ಪಾನ್ಸರ್ ಮುಂದೆ ಐದು ವರ್ಷ ಇನ್ಯಾರನ್ನೂ ಹೀಗೆ ಕರೆಸುವಂತಿಲ್ಲ.

ಆಯಿ ಪ್ರವಾಸಿಯಾಗಿ ತಾನೇ ಅರ್ಜಿ ಹಾಕಿದರೆ ತೋರಿಸಲು ಕೈಯಲ್ಲಿ ಏನೂ ಇರಲಿಲ್ಲ. ಆದ್ದರಿಂದ ಚಿಗವ್ವ ಸ್ಪಾನ್ಸರ್ ಆದಳು. ಆದರೂ ಒಂದು ಪ್ರಶ್ನೆ ತಪ್ಪಲಿಲ್ಲ. ನೀವು ನಿಮ್ಮ ದೇಶಕ್ಕೆ ಹಿಂದಿರುಗುತ್ತೀರಿ ಎನ್ನಲು ಏನು ಆಧಾರ? ಉದ್ಯೋಗವೇ? ಆಸ್ತಿಯೇ? ಬ್ಯಾಂಕಿನ ಹಣವೇ?

ಆಯಿಯನ್ನೇ ಕೇಳಿದೆ. ಆಕೆ ನಕ್ಕು, "ನಾ ಯಾಕ ಅಲ್ಲೇ ಇರ್ಲೆವ್ವಾ? ಕಡ್ಲಿ ಕೀಳೂದೈತಿ, ಎಮ್ಮಿ ಈಯೂದೈತಿ" ಅಂದಳು. ಇದಕ್ಕಿಂತ ಗಟ್ಟಿ ಆಧಾರ ಬೇಕೆ? ಆದರೆ ಇದಕ್ಕೆ ದಾಖಲೆ ಎಲ್ಲಿಂದ ತರಲಿ? ಹೊಲದ ಉತಾರ ತರಿಸಿ ನೋಡಿದೆ. ಎಂಟು ಎಕರೆ ಎರೆಹೊಲ. ಅಜ್ಜ ತೀರಿಕೊಂಡ ಮೇಲೆ ಅದು ಇಬ್ಬರು ಮಾಮಾಗಳ ಹೆಸರಿಗೆ ಆಗಿದೆ. ಮನೆ ದೊಡ್ಡ ಮಾಮಾನ ಹೆಸರಿನಲ್ಲಿದೆ. ಐವತ್ತು ವರ್ಷ ಹತ್ತಿ ಬಿಡಿಸಿ, ಕಳೆ ತೆಗೆದು, ದನ ಸಾಕಿದ ಆಯಿಯ ಹೆಸರಿನಲ್ಲಿ ಇದ್ದದ್ದು ಒಂದು ಬ್ಯಾಂಕ್ ಪಾಸ್‌ಬುಕ್. ಅದರಲ್ಲಿ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಜಮಾ, ಅದೇ ವಾರ ಖರ್ಚು. ಮತ್ತೆ ಜಮಾ, ಮತ್ತೆ ಖರ್ಚು. ನಮ್ಮ ಲೆಕ್ಕಶಾಸ್ತ್ರದ ರೀತಿಯಲ್ಲಿ ಆಯಿಯ ಆಸ್ತಿ-ಹೊಣೆ ಪಟ್ಟಿ ಬರೆದರೆ ಆಸ್ತಿಯ ಕಡೆ ಖಾಲಿ ಹಾಳೆ.

ನನ್ನ ಅಭಿಪ್ರಾಯ ಇಷ್ಟೇ: ವೀಸಾ ಕಚೇರಿ ನಮ್ಮ ಮುದುಕಿಯರನ್ನು ಅನುಮಾನಿಸುತ್ತದೆ ಎಂದು ನಾವು ಸಿಟ್ಟಾಗುತ್ತೇವೆ. ಆದರೆ ಅನುಮಾನಿಸಲು ಬೇಕಾದ ಖಾಲಿ ಹಾಳೆಯನ್ನು ಒದಗಿಸಿದವರು ನಾವೇ.

ಖಾಲಿ ಜಾಗ ತುಂಬಲು ದೊಡ್ಡ ಮಾಮಾ ಒಂದು ಉಪಾಯ ಹೇಳಿದ. "ನಾಕ್ ಲಕ್ಷ ಅವ್ವನ ಖಾತೇಕ್ ಹಾಕ್ತೀನಿ. ಆಕೀವs ಉಳಿತಾಯ ಅಂತ ಬರಿ. ವೀಸಾ ಬಂದ ಮ್ಯಾಲೆ ವಾಪಸ್ ತಗೋತೀನಿ. ಎಲ್ಲಾರೂ ಹಿಂಗs ಮಾಡ್ತಾರ." ಎಲ್ಲರೂ ಮಾಡುತ್ತಾರೆ ಎಂಬುದು ಸುಳ್ಳಲ್ಲ. ನಮ್ಮ ಚಾಳಿನಲ್ಲಿಯೇ ಎರಡು ಮನೆಯವರು ಹೀಗೆ ಮಾಡಿದ್ದಾರೆ. ಆದರೆ ತಿಂಗಳಿಗೆ ಎರಡು ಸಾವಿರ ಬಂದು ಹೋಗುವ ಖಾತೆಗೆ ಒಂದೇ ದಿನ ನಾಲ್ಕು ಲಕ್ಷ ಬಂದರೆ, ಎರಡನೆಯ ವರ್ಷದ ಕಾಮರ್ಸ್ ಹುಡುಗಿಗೇ ಸಂಶಯ ಬರುತ್ತದೆ, ಅಧಿಕಾರಿಗೆ ಬಾರದೆ? ಮಗ ತಾಯಿಗೆ ಹಣ ಕೊಡುವುದು ತಪ್ಪಲ್ಲ. ಸಾಲವನ್ನು ಉಳಿತಾಯ ಎಂದು ಬರೆಯುವುದು ತಪ್ಪು. ಸುಳ್ಳು ಮಾಹಿತಿ ಕೊಟ್ಟದ್ದು ಗೊತ್ತಾದರೆ ಅರ್ಜಿ ತಳ್ಳಿಹೋಗುವುದಲ್ಲದೆ, ಮೂರು ವರ್ಷ ಮತ್ತೆ ವೀಸಾ ಸಿಗದಂತೆ ಮಾಡುವ ನಿಯಮ ಅಲ್ಲಿ ಇದೆ. ಆ ಕಪ್ಪುಚುಕ್ಕೆ ಬೀಳುವುದು ಮಾಮಾನ ಹೆಸರಿಗಲ್ಲ, ಹೆಬ್ಬೆಟ್ಟು ಒತ್ತುವ ಆಯಿಯ ಹೆಸರಿಗೆ.

ನಾನು, "ಮಾಮಾ, ನಾಕ್ ಲಕ್ಷ ಬ್ಯಾಡ್ರಿ. ಎಂಟ್ ಎಕರೇದಾಗ ಎರಡ್ ಎಕರೆ ಆಯಿ ಹೆಸರಿಗೆ ಹಚ್ಚಿಬಿಡ್ರಿ" ಅಂದೆ. ಮಾಮಾ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ಹೊಲದ ಮಾತು ನಿನಗ್ಯಾಕ ಬೇಕವ್ವಾ, ನೀ ಫಾರಂ ತುಂಬು" ಅಂದ. ಒಳ್ಳೆಯ ಮನುಷ್ಯ, ಆಯಿಯನ್ನು ಕೈಯಲ್ಲಿ ಹಿಡಿದು ಸಾಕುತ್ತಾನೆ. ಆದರೆ ಸಾಕುವುದು ಬೇರೆ, ಹೆಸರಿಗೆ ಕೊಡುವುದು ಬೇರೆ ಎಂದು ಅವತ್ತು ನನಗೆ ತಿಳಿಯಿತು.

ಕೊನೆಗೆ ಇದ್ದದ್ದನ್ನು ಇದ್ದ ಹಾಗೆಯೇ ಬರೆದೆವು. ಆಯಿಗೆ ಆಸ್ತಿ ಇಲ್ಲ. ಮಕ್ಕಳ ಮನೆಯಲ್ಲಿ ಇರುತ್ತಾಳೆ. ಟಿಕೇಟಿನ ಖರ್ಚು ಹಿರಿಯ ಮಗನದು, ಅವನ ಬ್ಯಾಂಕಿನ ಕಾಗದ ಇಲ್ಲಿದೆ. ಅಲ್ಲಿಂದ ಉತ್ತರ ಬಂತು: 10,000 ಡಾಲರ್ ಜಾಮೀನು ಇಡಿ. ನಮ್ಮ ಲೆಕ್ಕದಲ್ಲಿ 5 ಲಕ್ಷ ರೂಪಾಯಿಗೂ ಮೇಲೆ. ಚಿಗವ್ವ, ಕಾಕಾ ಮನೆ ಕೊಳ್ಳಲು ಕೂಡಿಟ್ಟದ್ದರಲ್ಲಿ ತೆಗೆದು ಕಟ್ಟಿದರು.

ನಮ್ಮ ಅಪ್ಪ "ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ" ಎಂದು ಗೊಣಗಿದರು. ಕಾಲೇಜಿನ ಗೆಳೆಯರು ಇನ್ನೂ ಬಿಸಿಯಾದರು. ತಾಯಿ ಮಗಳನ್ನು ನೋಡಲು ಜಾಮೀನೆ, ಇದು ಅಪಮಾನ ಎಂದರು. ನಾನು ಪೂರ್ತಿ ಒಪ್ಪುವುದಿಲ್ಲ. ಅಪಮಾನದ ಜಾಮೀನು ಯಾವುದೆಂದರೆ, 2013ರಲ್ಲಿ ಬ್ರಿಟನ್ ಸರಕಾರ ತರಹೊರಟದ್ದು. ಭಾರತವೂ ಸೇರಿ ಆರು ದೇಶಗಳನ್ನು ಹೆಸರಿಸಿ, ಅಲ್ಲಿಂದ ಬರುವ ಸಂದರ್ಶಕರಲ್ಲಿ ಸಂಶಯ ಬಂದವರಿಂದ 3,000 ಪೌಂಡ್ ಕೇಳುವ ಯೋಜನೆ ಅದು. ವಿರೋಧ ಬಂದು ಅದೇ ವರ್ಷ ನವೆಂಬರಿನಲ್ಲಿ ಕೈಬಿಟ್ಟರು. ಆದರೆ ಅದೇ 2013ರ ಜೂನ್ 25ರಿಂದ, ಬಂಧುಗಳನ್ನು ನೋಡಲು ಬರುವವರಿಗೆ ವೀಸಾ ನಿರಾಕರಿಸಿದರೆ ಮೇಲ್ಮನವಿ ಮಾಡಿಕೊಳ್ಳಲು ಇದ್ದ ಪೂರ್ಣ ಹಕ್ಕನ್ನು ತೆಗೆದುಹಾಕಿದರು. ಹಣ ಕೇಳುವುದಕ್ಕಿಂತ ಮಾತು ಕೇಳದೆ ಇರುವುದು ಹೆಚ್ಚಿನ ಅಪಮಾನ ಎಂದು ನನಗೆ ಅನಿಸುತ್ತದೆ. ಆಸ್ಟ್ರೇಲಿಯಾದ ಸ್ಪಾನ್ಸರ್ ಪದ್ಧತಿಯಲ್ಲಿ ನಿರಾಕರಣೆ ಬಂದರೆ ಸ್ಪಾನ್ಸರ್ ಆದವರು ನ್ಯಾಯಮಂಡಳಿಗೆ ಹೋಗಬಹುದು. ಆಯಿಯನ್ನು ಬಲ್ಲ ಒಬ್ಬರ ಮಾತಿಗೆ ಅಲ್ಲಿ ಬೆಲೆ ಇದೆ.

ಹಾಗೆಂದು ಆ ಪದ್ಧತಿಯೇನೂ ಮೃದುವಲ್ಲ. ಸ್ಪಾನ್ಸರ್ ವೀಸಾದ ಮೇಲೆ ಹೋದವರು ಅಲ್ಲಿದ್ದುಕೊಂಡೇ ಇನ್ನಷ್ಟು ದಿನ ಇರಲು ಬೇರೆ ವೀಸಾ ಕೇಳುವಂತಿಲ್ಲ; ಇದಕ್ಕೆ 8503 ಎಂಬ ಷರತ್ತು. ಆಯಿಗೆ ಸಿಕ್ಕಿದ್ದು ಮೂರು ತಿಂಗಳು. ಕೂಸಿಗೆ ಕುತ್ತಿಗೆ ನಿಲ್ಲುವ ಮೊದಲೇ ಹೊರಡಬೇಕಾಯಿತು. ಇನ್ನೊಂದು ತಿಂಗಳು ಇರು ಎಂದು ಚಿಗವ್ವ ಅತ್ತಳಂತೆ. ಆಯಿ ಕೂಸಿಗೆ ಎಣ್ಣೆ ತಿಕ್ಕುವುದನ್ನು ಕಾಕಾನಿಗೆ ಕಲಿಸಿಕೊಟ್ಟು, ಅವಧಿಗೆ ನಾಲ್ಕು ದಿನ ಮೊದಲೇ ವಿಮಾನ ಹತ್ತಿದಳು. ಜಾಮೀನು ಹಣ ವಾಪಸಾಯಿತು.

ಈಗ ನಮ್ಮ ಕಡೆಯ ಲೆಕ್ಕಕ್ಕೆ ಬರೋಣ. 1956ರ ಹಿಂದೂ ಉತ್ತರಾಧಿಕಾರ ಕಾಯಿದೆಯಲ್ಲಿಯೇ, ಉಯಿಲು ಬರೆಯದೆ ತೀರಿಕೊಂಡವನ ಹೆಂಡತಿ, ಮಗ, ಮಗಳು ಎಲ್ಲರೂ ಮೊದಲ ವರ್ಗದ ವಾರಸುದಾರರು. 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಹುಟ್ಟಿನಿಂದಲೇ ಗಂಡುಮಕ್ಕಳಷ್ಟೇ ಹಕ್ಕು ಕೊಟ್ಟಿದೆ. ಅಂದರೆ ಅಜ್ಜನ ಹೊಲದಲ್ಲಿ ಆಯಿಗೆ ಪಾಲು ಕೊಡುವುದು ಮಾಮಾನ ದೊಡ್ಡತನವಲ್ಲ, ಆಕೆಯ ಹಕ್ಕು. ಕಾಯಿದೆ ಇದ್ದರೂ ವಾರಸಾ ಮಾಡುವ ದಿನ ಹೆಂಗಸರು "ನಮಗ್ಯಾಕ, ಅಣ್ಣತಮ್ಮಂದಿರು ಚೊಲೊ ಇರ್ಲಿ" ಎಂದು ಸಹಿ ಮಾಡಿಕೊಡುತ್ತಾರೆ. ನನ್ನ ಅವ್ವನೂ ಮಾಡಿದ್ದಾಳೆ, ಚಿಗವ್ವನೂ ಮಾಡಿದ್ದಾಳೆ. ಎಂಟು ಎಕರೆಯಲ್ಲಿ ಬೇಡವೆಂದ ಆ ಚಿಗವ್ವನೇ, ತಾಯಿಗೆ ಆಸ್ತಿ ಇಲ್ಲದ್ದಕ್ಕೆ ಹತ್ತು ಸಾವಿರ ಡಾಲರ್ ಕಟ್ಟಿ ನಿಂತಳು!

ಇದು ವೀಸಾದ ಮಾತು ಮಾತ್ರವಲ್ಲ ಎಂದು ಓದುಗರು ಗಮನಿಸಬೇಕು. ವೀಸಾ ಅರ್ಜಿ ಕೇಳಿದ್ದರಿಂದ ನಮಗೆ ಗೊತ್ತಾಯಿತು, ಅಷ್ಟೇ. ಕೇಳುವವರಿಲ್ಲದ ಎಷ್ಟೋ ಮನೆಗಳಲ್ಲಿ ಆ ಹಾಳೆ ಖಾಲಿಯಾಗಿಯೇ ಉಳಿದಿದೆ. ನಮ್ಮ ಬಳಗದಲ್ಲಿ ಅನೇಕರ ಊರು ಧಾರವಾಡ, ವಿಜಯಪುರ, ಉಡುಪಿ ಕಡೆಗೆ ಇದೆ. ರಜೆಗೆ ಊರಿಗೆ ಹೋದಾಗ ಒಮ್ಮೆ ಉತಾರ ತೆಗೆಸಿ ನೋಡಿರಿ, ಅಜ್ಜಿಯ ಹೆಸರು ಇದೆಯೇ ಎಂದು. ಇಲ್ಲದಿದ್ದರೆ ಜಗಳ ಮಾಡಿರೆಂದು ನಾನು ಹೇಳುವುದಿಲ್ಲ; ಕೇಳಿ ನೋಡಿರಿ ಎನ್ನುತ್ತೇನೆ. ಒಪ್ಪದವರು ಮುಂದಿನ ಸಂಚಿಕೆಗೆ ಬರೆಯಲಿ.

ದೀಪಾವಳಿಗೆ ಊರಿಗೆ ಹೋದಾಗ ಮಾಮಾನನ್ನು ಮತ್ತೆ ಕೇಳಿದೆ. "ನೋಡೂಣು" ಅಂದ. ಹೋದ ಸಲ ಅಷ್ಟೂ ಅಂದಿರಲಿಲ್ಲ. ಆಯಿ ಕಟ್ಟೆಯ ಮೇಲೆ ಕುಳಿತು ಕಡಲೆ ಹಸನು ಮಾಡುತ್ತಿದ್ದಳು. ಎಲ್ಲ ಕೇಳಿಸಿಕೊಂಡಳು, ಏನೂ ಅನ್ನಲಿಲ್ಲ. ಆದರೆ ಯಾವತ್ತಿನಂತೆ "ನನಗ್ಯಾಕವ್ವಾ" ಎಂದು ಅವತ್ತು ಆಕೆ ಹೇಳಲಿಲ್ಲ.